ಥಿಂಗ್ ಎಂಬ ಸಂಗತಿ

ಇಂಗ್ಲಿಷಿನಲ್ಲಿ ಥಿಂಗ್ ಅನ್ನುವಷ್ಟು ಹಗುರವಾದ ಪದ ಇನ್ನೊಂದು ಇರಲಾರದು. ಹೆಸರು ಬಾಯಿಗೆ ಬಾರದ ವಸ್ತುವಿಗೂ ಅದೇ ಪದ, ಹೆಸರಿಡಲು ಮನಸ್ಸು ಬಾರದ ವಿಷಯಕ್ಕೂ ಅದೇ. ಎನಿಥಿಂಗ್, ನಥಿಂಗ್, ಎವೆರಿಥಿಂಗ್ ಎಂದು ಬೇರೆ ಪದಗಳ ಬಾಲಕ್ಕೆ ಅಂಟಿಕೊಂಡು ಅದು ನಮ್ಮ ಕನ್ನಡದ ಮಾತಿನೊಳಗೂ ಬಂದು ಕೂತಿದೆ. ಯೋಗಕ್ಷೇಮ ಕೇಳಿದರೆ ‘ನಥಿಂಗ್ ಸ್ಪೆಷಲ್’ ಅನ್ನುವ ಹುಡುಗರು ಬೆಂಗಳೂರಿನ ಪ್ರತಿ ಬಸ್ಸಿನಲ್ಲೂ ಸಿಗುತ್ತಾರೆ. ಸಾವಿರದ ಐನೂರು ವರ್ಷ ಹಿಂದಕ್ಕೆ ಹೋದರೆ ಇದೇ ಪದ ಉತ್ತರ ಯೂರೋಪಿನ ಜರ್ಮಾನಿಕ್ ಜನರ ಅತಿ ತೂಕದ ಪದಗಳಲ್ಲಿ ಒಂದಾಗಿತ್ತು. ಊರು, ಸೀಮೆ, ನಾಡು ಒಂದು ಬಯಲಲ್ಲಿ ಸೇರಿ, ಜಗಳ ಬಗೆಹರಿಸಿ, ಕಾನೂನು ಕೇಳಿ, ಕೆಲವೊಮ್ಮೆ ಅರಸನನ್ನೇ ಆರಿಸುವ ಕೂಟಕ್ಕೆ ಅದು ಹೆಸರು. ಐಸ್‌ಲ್ಯಾಂಡಿನಲ್ಲಿ ಇವತ್ತಿಗೂ ಥಿಂಗ್ ಎಂದರೆ ಮೊದಲು ನೆನಪಾಗುವುದು ಪಾರ್ಲಿಮೆಂಟು.

ಪದಗಳ ಪೂರ್ವೋತ್ತರ ಹುಡುಕುವುದು ನನಗೆ ಬಹಳ ಹಳೆಯ ಚಟ. ಎಷ್ಟೋ ಪದಗಳ ಕಥೆ ಒಂದು ಸಂಜೆಗೆ ಮುಗಿದುಹೋಗುತ್ತದೆ. ಥಿಂಗ್ ಮಾತ್ರ ಬಿಡಲಿಲ್ಲ, ಈಗಲೂ ಬಿಟ್ಟಿಲ್ಲ.

ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಿಂದ ಸುಮಾರು 45 ಕಿಲೋಮೀಟರ್ ದೂರದಲ್ಲಿ ಥಿಂಗ್ವೆಲ್ಲಿರ್ ಎಂಬ ಜಾಗವಿದೆ. ಹೆಸರಿನ ಅರ್ಥ ಥಿಂಗ್ ಸೇರುವ ಬಯಲು. ಉತ್ತರ ಅಮೆರಿಕ ಮತ್ತು ಯೂರೇಷ್ಯದ ಭೂಫಲಕಗಳು ಒಂದನ್ನೊಂದು ಬಿಟ್ಟು ದೂರ ಸರಿಯುತ್ತಿರುವ ನೆಲ ಅದು. ಭೂಮಿ ಸೀಳಿ ಉದ್ದಕ್ಕೂ ಕಪ್ಪು ಲಾವಾಕಲ್ಲಿನ ಗೋಡೆ ಎದ್ದಿದೆ. ಪಕ್ಕದಲ್ಲಿ ಓಕ್ಸರಾ ಹೊಳೆ, ಮುಂದೆ ದೊಡ್ಡ ಸರೋವರ. ಕ್ರಿ.ಶ. 930ರಲ್ಲಿ ಇಲ್ಲಿ ಇಡೀ ದ್ವೀಪಕ್ಕೆ ಸೇರಿದ ಮೊದಲ ಕೂಟ ನಡೆಯಿತು. ಅದಕ್ಕೆ ಆಲ್ಥಿಂಗ್ ಎಂದು ಹೆಸರು, ಎಲ್ಲರ ಥಿಂಗ್ ಎಂದು ಅರ್ಥ. ಪ್ರತಿ ಬೇಸಿಗೆಯಲ್ಲಿ, ರಾತ್ರಿಯೂ ಬೆಳಕಿರುವ ಜೂನ್ ತಿಂಗಳಲ್ಲಿ, ದ್ವೀಪದ ಮೂಲೆಮೂಲೆಗಳಿಂದ ಜನ ಕುದುರೆ ಏರಿ ಬರುತ್ತಿದ್ದರು. ದೂರದವರಿಗೆ ಅದು ಎರಡು ವಾರದ ದಾರಿ. ಕಲ್ಲು ಮತ್ತು ಹುಲ್ಲುಹೆಂಟೆಯ ಮೋಟುಗೋಡೆಗಳ ಮೇಲೆ ಬಟ್ಟೆ ಹೊದಿಸಿ ಬಿಡಾರ ಮಾಡಿಕೊಳ್ಳುತ್ತಿದ್ದರು. ಆ ಗೋಡೆಗಳ ಬುಡ ಹುಲ್ಲಿನ ಕೆಳಗೆ ಈಗಲೂ ಉಬ್ಬಿಕೊಂಡು ಕಾಣುತ್ತದೆ.

ಆ ದೇಶಕ್ಕೆ ಆಗ ರಾಜನಿರಲಿಲ್ಲ. ಸೈನ್ಯವಿಲ್ಲ, ಪೊಲೀಸರಿಲ್ಲ, ಬರೆದಿಟ್ಟ ಶಾಸನವೂ ಇಲ್ಲ. ಇದ್ದ ಒಬ್ಬನೇ ಅಧಿಕಾರಿ ಎಂದರೆ ಮೂರು ವರ್ಷಕ್ಕೆ ಆಯ್ಕೆಯಾಗುತ್ತಿದ್ದ ‘ಕಾನೂನು ಹೇಳುವವನು’. ಕಾನೂನೆಲ್ಲ ಅವನಿಗೆ ಕಂಠಸ್ಥವಾಗಿರಬೇಕು. ಕಾನೂನುಬಂಡೆ ಎಂದು ಕರೆಯುತ್ತಿದ್ದ ಎತ್ತರದ ಜಾಗದಲ್ಲಿ ನಿಂತು, ವರ್ಷಕ್ಕೆ ಮೂರರಲ್ಲೊಂದು ಭಾಗದಂತೆ, ಮೂರು ವರ್ಷದಲ್ಲಿ ಇಡೀ ಕಾನೂನನ್ನು ಅವನು ಗಟ್ಟಿಯಾಗಿ ಹೇಳಿ ಮುಗಿಸಬೇಕಿತ್ತು. ಮರೆತಿದೆ ಅನ್ನಿಸಿದರೆ ಹಿಂದಿನ ದಿನವೇ ಕಾನೂನು ಬಲ್ಲ ಐದು ಜನರನ್ನು ಕೇಳಿ ತಿಳಿದುಕೊಳ್ಳಬೇಕು ಎಂಬ ನಿಯಮವೂ ಇತ್ತು. ಸಂಬಳವನ್ನು ಅಳೆದು ಕೊಡುತ್ತಿದ್ದದ್ದು ಉಣ್ಣೆಯ ಬಟ್ಟೆಯಲ್ಲಿ. ಹಳೆಯ ನಾರ್ಸ್ ಕಥೆಗಳನ್ನೆಲ್ಲ ನಮಗೆ ಉಳಿಸಿಕೊಟ್ಟ ಸ್ನೊರಿ ಸ್ಟುರ್ಲುಸನ್ 13ನೆಯ ಶತಮಾನದಲ್ಲಿ ಎರಡು ಬಾರಿ ಈ ಹುದ್ದೆಯಲ್ಲಿದ್ದ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಇನ್ನೊಂದು ನಿಯಮ. ಹೊಸದಾಗಿ ಒಪ್ಪಿದ ಕಾನೂನನ್ನು ಪ್ರತಿ ಮೂರನೆಯ ಬೇಸಿಗೆಗೆ ಜನರ ಮುಂದೆ ಹೇಳದಿದ್ದರೆ ಅದು ಬಿದ್ದುಹೋಗುತ್ತಿತ್ತು. ಅದನ್ನು ಯಾರೂ ರದ್ದು ಮಾಡಬೇಕಾಗಿರಲಿಲ್ಲ. ಬಾಯಿಂದ ಹೊರಟು ಕಿವಿಗೆ ಬಿದ್ದರಷ್ಟೇ ಅದಕ್ಕೆ ಜೀವ. 1117-18ರ ಚಳಿಗಾಲದಲ್ಲಿ ಕಾನೂನನ್ನು ಮೊದಲ ಬಾರಿ ಬರೆದಿಡಲು ಶುರುಮಾಡಿದರು. ಬರೆದದ್ದನ್ನು ಮರುಬೇಸಿಗೆಯ ಕೂಟದಲ್ಲಿ ಓದಿ ಹೇಳಿ ಒಪ್ಪಿಗೆ ಪಡೆದರು. ಮಂಟೇಸ್ವಾಮಿ ಕಾವ್ಯವನ್ನು ರಾತ್ರಿಯಿಡೀ ಬಾಯಲ್ಲೇ ಹಾಡುವ ನೀಲಗಾರರ ನಾಡಿನವರಾದ ನಮಗೆ ನೆನಪಿನ ಈ ಶಕ್ತಿ ಹೊಸದೇನಲ್ಲ. ಆದರೆ ಒಂದು ದೇಶದ ಆಸ್ತಿಹಕ್ಕು, ಕೊಲೆಗೆ ಪರಿಹಾರ, ಮದುವೆ, ದನದ ಬೆಲೆ ಎಲ್ಲವೂ ಒಬ್ಬನ ನಾಲಿಗೆಯ ಮೇಲೆ ನಿಂತಿತ್ತು, ಅವನು ತಪ್ಪಿದರೆ ತಿದ್ದಲು ಸುತ್ತಲೂ ಜನ ನಿಂತಿರುತ್ತಿದ್ದರು ಅಂದಾಗ ಮೈ ಜುಂ ಅನ್ನುತ್ತದೆ.

999 ಅಥವಾ 1000ನೆಯ ಇಸವಿಯ ಬೇಸಿಗೆಯಲ್ಲಿ ಈ ಬಯಲಲ್ಲಿ ಒಂದು ದೊಡ್ಡ ವ್ಯಾಜ್ಯ ಬಂತು. ಕೆಲವರು ಕ್ರೈಸ್ತರಾಗಿದ್ದರು, ಉಳಿದವರು ಹಳೆಯ ದೇವರುಗಳಿಗೆ ನಡೆದುಕೊಳ್ಳುತ್ತಿದ್ದರು. ಒಬ್ಬರ ಕಾನೂನಿಗೆ ಇನ್ನೊಬ್ಬರು ಒಳಪಡುವುದಿಲ್ಲ ಎಂದು ಎರಡೂ ಕಡೆಯವರು ಸಾರಿದರು. ಕೈ ಕತ್ತಿಗೆ ಹೋಗುವುದೊಂದು ಬಾಕಿ. ತೀರ್ಮಾನವನ್ನು ಕಾನೂನು ಹೇಳುವ ಥೋರ್ಗೈರ್‌ಗೆ ಬಿಟ್ಟರು. ಅವನು ಹಳೆಯ ದೇವರುಗಳ ಕಡೆಯವನೇ. ತನ್ನ ಬಿಡಾರಕ್ಕೆ ಹೋಗಿ, ಮುಸುಕು ಹೊದ್ದು ಮಲಗಿ, ಆ ಹಗಲು ಮತ್ತು ಇಡೀ ರಾತ್ರಿ ಯಾರೊಡನೆಯೂ ಒಂದು ಮಾತಾಡಲಿಲ್ಲ. ಮರುದಿನ ಎದ್ದು ಎಲ್ಲರನ್ನೂ ಕರೆದು, ಕಾನೂನು ಎರಡಾಗಿ ಹರಿದರೆ ಶಾಂತಿಯೂ ಹರಿಯುತ್ತದೆ ಎಂಬರ್ಥದ ಮಾತು ಹೇಳಿ, ಎಲ್ಲರೂ ಕ್ರೈಸ್ತರಾಗಬೇಕೆಂದು ತೀರ್ಪು ಕೊಟ್ಟ. ಹಳೆಯವರಿಗೆ ಮನೆಯೊಳಗೆ ಗುಟ್ಟಾಗಿ ಪೂಜೆ ಮಾಡಿಕೊಳ್ಳುವ, ಕುದುರೆಮಾಂಸ ತಿನ್ನುವ ಸಲಿಗೆ ಉಳಿಯಿತು. ತನ್ನ ನಂಬಿಕೆಗೆ ವಿರುದ್ಧವಾದ ತೀರ್ಪನ್ನು ತಾನೇ ಕೊಟ್ಟವನು ಅವನು. ನೂರು ವರ್ಷಗಳ ಮೇಲೆ ಇದನ್ನು ಬರೆದಿಟ್ಟ ಆರಿ ಎಂಬ ಪಾದ್ರಿ ಕ್ರೈಸ್ತ. ಅವನ ಬರಹದಲ್ಲಿ ಆ ಪಕ್ಷದ ಬಣ್ಣ ಇದ್ದೇ ಇರುತ್ತದೆ. ಆದರೂ ಆ ಮುಸುಕಿನೊಳಗಿನ ಮೌನವನ್ನು ಯಾರೂ ಕಟ್ಟಿ ಬರೆದಿರಲಾರರು ಎಂದೇ ನನ್ನ ನಂಬಿಕೆ.

ಕೂಟ ಸೇರುವ ಜಾಗವನ್ನು ಹೇಗೆ ಗುರುತಿಸುತ್ತಿದ್ದರು ಎಂಬುದಕ್ಕೆ ಎಗಿಲ್‌ನ ಸಾಗಾ ಎಂಬ ಐಸ್‌ಲ್ಯಾಂಡಿನ ಹಳೆಯ ಕಥನದಲ್ಲಿ ಒಂದು ಚಿತ್ರವಿದೆ. ಪಶ್ಚಿಮ ನಾರ್ವೆಯ ಗುಲಾಥಿಂಗ್ ಅದು. ಸಮತಟ್ಟಾದ ಬಯಲಲ್ಲಿ ಹೇಜಲ್ ಮರದ ಕೋಲುಗಳನ್ನು ದುಂಡಗೆ ನೆಟ್ಟು ಸುತ್ತಲೂ ಹಗ್ಗ ಬಿಗಿದಿದ್ದಾರೆ. ಆ ಹಗ್ಗಕ್ಕೆ ಪವಿತ್ರಬಂಧ ಎಂಬರ್ಥದ ಹೆಸರು. ಒಳಗೆ ಮೂವತ್ತಾರು ಜನ ನ್ಯಾಯಗಾರರು, ಒಂದೊಂದು ಸೀಮೆಯಿಂದ ಹನ್ನೆರಡು ಜನ. ಹೆಂಡತಿಗೆ ಸಲ್ಲಬೇಕಾದ ಆಸ್ತಿಗಾಗಿ ಎಗಿಲ್ ವಾದಿಸುತ್ತಿದ್ದಾನೆ. ಎದುರು ಪಕ್ಷದ ಬೆನ್ನಿಗೆ ರಾಜ ಎರಿಕ್ ಮತ್ತು ರಾಣಿ ಗುನ್ಹಿಲ್ಡ್ ಇದ್ದಾರೆ. ತೀರ್ಪು ಎಲ್ಲಿ ಎಗಿಲ್ ಕಡೆ ವಾಲುತ್ತದೋ ಎಂದು ರಾಣಿ ಆಜ್ಞೆ ಮಾಡುತ್ತಾಳೆ. ಅವಳ ಕಡೆಯವರು ನುಗ್ಗಿ ಕೋಲು ಮುರಿದು ಹಗ್ಗ ಕಡಿಯುತ್ತಾರೆ. ಕೂಟ ಚೆದುರುತ್ತದೆ. ಒಂದು ಹಗ್ಗವನ್ನು ಯಾರು ಬೇಕಾದರೂ ದಾಟಬಹುದಿತ್ತು. ದಾಟಬಾರದು ಎಂಬ ಒಪ್ಪಂದವೇ ಅದರ ಬಲ. ಅದು ಕಡಿದ ಗಳಿಗೆಯಿಂದ ಅಲ್ಲಿ ಥಿಂಗ್ ಇಲ್ಲ, ಬರೀ ಬಯಲು.

ಹಾಗೆಂದು ಇದನ್ನೆಲ್ಲ ಚಿನ್ನದ ಕಾಲ ಎಂದು ನಾನು ತಿಳಿದಿಲ್ಲ. ಗುಲಾಮರಿಗೆ ಅಲ್ಲಿ ಬಾಯಿ ಇರಲಿಲ್ಲ. ಹೆಂಗಸರು ಕೂಟಕ್ಕೆ ಬರುತ್ತಿದ್ದರು, ತೀರ್ಪು ಕೊಡುವ ಪೀಠದಲ್ಲಿ ಅವರಿಗೆ ಜಾಗವಿರಲಿಲ್ಲ. 1564ರ ಕಠಿಣ ಶಾಸನ ಬಂದ ಮೇಲೆ ಥಿಂಗ್ವೆಲ್ಲಿರ್‌ನ ಹೊಳೆಯ ಒಂದು ಮಡುವಿನಲ್ಲಿ ಹೆಂಗಸರನ್ನು ಮುಳುಗಿಸಿ ಕೊಂದರು. ಮುಳುಗಿಸುವ ಮಡು ಎಂದೇ ಅದರ ಹೆಸರು. ಕಾನೂನುಬಂಡೆಯಿಂದ ಅಲ್ಲಿಗೆ ಕೆಲವೇ ನಿಮಿಷದ ನಡಿಗೆ. ಥಿಂಗ್ವೆಲ್ಲಿರ್ ನೋಡಲು ಹೋಗುವ ಯಾರೂ ಬಂಡೆಯಷ್ಟೇ ನೋಡಿ ಹಿಂದಿರುಗಬಾರದು.

ಈ ಕೂಟದ ಸುದ್ದಿ ಮೊದಲು ಬರುವುದು ರೋಮನ್ನರಿಂದ. ಕ್ರಿ.ಶ. 98ರಲ್ಲಿ ಟ್ಯಾಸಿಟಸ್ ಬರೆದ ಜರ್ಮೇನಿಯ ಎಂಬ ಪುಸ್ತಕದಲ್ಲಿ ಜರ್ಮನ್ ಕುಲಗಳು ಅಮಾವಾಸ್ಯೆ ಹುಣ್ಣಿಮೆಗೆ ಸೇರುತ್ತಿದ್ದವು ಎಂಬ ವಿವರವಿದೆ. ಹೇಳಿದ ಹೊತ್ತಿಗೆ ಯಾರೂ ಬರುವುದಿಲ್ಲ, ಎರಡು ಮೂರು ದಿನ ಕಾಯುವುದರಲ್ಲೇ ಕಳೆಯುತ್ತದೆ, ಇದು ಅವರ ಸ್ವಾತಂತ್ರ್ಯದಿಂದ ಬಂದ ದೋಷ ಎನ್ನುತ್ತಾನೆ. ಮಾತು ಹಿಡಿಸದಿದ್ದರೆ ಗೊಣಗಾಟ, ಹಿಡಿಸಿದರೆ ಈಟಿಗಳ ಸದ್ದು. ಇನ್ನೊಂದು ಸಾಕ್ಷಿ ಕಲ್ಲಿನಲ್ಲಿದೆ. ಉತ್ತರ ಇಂಗ್ಲೆಂಡಿನಲ್ಲಿ ಹೇಡ್ರಿಯನ್ನನ ಗೋಡೆಯ ಹೌಸ್‌ಸ್ಟೆಡ್ಸ್ ಕೋಟೆಯ ಹತ್ತಿರ 1883ರಲ್ಲಿ ಕೆಲವು ಬಲಿಪೀಠಗಳು ಸಿಕ್ಕವು. ಮೂರನೆಯ ಶತಮಾನದಲ್ಲಿ ಅವನ್ನು ನಿಲ್ಲಿಸಿದವರು ರೋಮನ್ ಸೈನ್ಯದಲ್ಲಿ ದುಡಿಯುತ್ತಿದ್ದ ಜರ್ಮಾನಿಕ್ ಸೈನಿಕರು, ಫ್ರೀಸ್‌ಲ್ಯಾಂಡಿನ ದಳದವರು. ಮಾರ್ಸ್ ಥಿಂಕ್ಸಸ್ ಎಂಬ ದೇವರಿಗೆ ಎಂದು ಲ್ಯಾಟಿನ್ನಿನಲ್ಲಿ ಕೆತ್ತಿಸಿದ್ದಾರೆ. ಥಿಂಗ್ ಕಾಯುವ ದೇವರು ಎಂದು ಇದನ್ನು ವಿದ್ವಾಂಸರು ಬಿಡಿಸುತ್ತಾರೆ. ನಮ್ಮಲ್ಲಿ ಮಂಗಳನ ವಾರ, ರೋಮನ್ನರಲ್ಲಿ ಮಾರ್ಸ್‌ನ ವಾರ, ಎರಡೂ ಒಂದೇ ಗ್ರಹದ ವಾರ. ಆ ವಾರಕ್ಕೆ ಡಚ್ಚರು ಡಿನ್ಸ್‌ಡಾಖ್, ಜರ್ಮನ್ನರು ಡೀನ್ಸ್‌ಟಾಗ್ ಎನ್ನುತ್ತಾರೆ. ಅದರ ಹಿಂದೆ ಇರುವುದು ಇದೇ ಥಿಂಗ್ ದೇವರು ಎಂಬುದು ಬಹುಮಟ್ಟಿಗೆ ಒಪ್ಪಿತವಾದ ಮಾತು.

ಪದದ ಬೇರು ಇನ್ನೂ ಕೆಳಗಿದೆ. ನಾಲ್ಕನೆಯ ಶತಮಾನದ ಗಾಥಿಕ್ ಬೈಬಲಿನಲ್ಲಿ ಇದರ ಸೋದರ ಪದಕ್ಕೆ ‘ಕಾಲ’ ಎಂದು ಅರ್ಥ. ಹಾಗಾಗಿ ಥಿಂಗ್ ಎಂದರೆ ಮೊದಲು ಗೊತ್ತುಪಡಿಸಿದ ಹೊತ್ತು, ಆಮೇಲೆ ಆ ಹೊತ್ತಿಗೆ ಸೇರುವ ಕೂಟ, ಆಮೇಲೆ ಕೂಟದ ಮುಂದೆ ಬಂದ ವ್ಯಾಜ್ಯ, ಆಮೇಲೆ ಯಾವುದೇ ವಿಷಯ, ಕಡೆಗೆ ಯಾವುದೇ ವಸ್ತು. ಈ ಬೇರಿನ ಆಚೆಗೆ ಹಿಗ್ಗಿಸು, ಚಾಚು ಎಂಬರ್ಥದ ಇಂಡೋ-ಯೂರೋಪಿಯನ್ ಧಾತುವಿದೆ ಎಂದು ಅನೇಕರು ಊಹಿಸುತ್ತಾರೆ. ಸಂಸ್ಕೃತದ ತನ್ ಧಾತು ಅದರದೇ ಸಂತಾನ. ಹಾಗಿದ್ದರೆ ನಮ್ಮ ತಂತು, ಸಂಗೀತದ ತಾನ, ಅಷ್ಟೇಕೆ ಸಂತಾನ ಎಂಬ ಪದ ಕೂಡ, ಥಿಂಗ್‌ಗೆ ದೂರದ ದಾಯಾದಿಗಳು.

ಆ ನಾಲ್ಕೈದು ಅರ್ಥಗಳು ಎಲ್ಲ ಕಡೆ ಒಂದೇ ಥರ ಉಳಿಯಲಿಲ್ಲ. ಏಳನೆಯ ಶತಮಾನದ ಕೊನೆಯ ಕೆಂಟ್ ಸೀಮೆಯ ಕಾನೂನಿನಲ್ಲಿ ಇಂಗ್ಲಿಷರ ಥಿಂಗ್ ಇನ್ನೂ ಕೂಟವೇ. ಮುಂದೆ ಕೂಟದ ಅರ್ಥ ಕಳಚಿಬಿತ್ತು, ವಸ್ತು ಮಾತ್ರ ಉಳಿಯಿತು. ಚುನಾವಣೆಯ ಸಭೆಗಳಿಗೆ ಅವರು ಹಸ್ಟಿಂಗ್ಸ್ ಎನ್ನುತ್ತಾರಲ್ಲ, ಅದು ವೈಕಿಂಗರ ‘ಮನೆ-ಥಿಂಗ್’ ಎಂಬ ಪದದ ತುಣುಕು. ಜರ್ಮನ್ನಿನಲ್ಲಿ ಡಿಂಗ್ ಎಂದರೆ ವಸ್ತುವೇ. ಆದರೂ ಸಮರ್ಥಿಸಿಕೊಳ್ಳು ಎಂಬ ಅರ್ಥದ ಅವರ ಕ್ರಿಯಾಪದ ಫೆರ್‌ಟೈಡಿಗನ್ ಬಂದದ್ದು ದಿನ ಗೊತ್ತುಮಾಡಿದ ಥಿಂಗ್‌ನಲ್ಲಿ ನಿಂತು ವಾದಿಸುವುದರಿಂದ. ಹಾಲೆಂಡಿನಲ್ಲಿ ತುರ್ತು ಮೊಕದ್ದಮೆಗೆ ‘ಕಿರು ಥಿಂಗ್’ ಎಂಬಂಥ ಹೆಸರೇ ಈಗಲೂ ನಡೆಯುತ್ತದೆ. ಡೇನಿಷ್ ಮತ್ತು ನಾರ್ವೇಜಿಯನ್ ಭಾಷೆಗಳಲ್ಲಿ ಎರಡು ಅರ್ಥವೂ ಜೀವಂತ, ಬೇರೆಯಾಗುವುದು ಲಿಂಗದಿಂದ. ಎನ್ ಟಿಂಗ್ ಎಂದರೆ ವಸ್ತು, ಎಟ್ ಟಿಂಗ್ ಎಂದರೆ ಸಭೆ. ನಾರ್ವೆಯ ಪಾರ್ಲಿಮೆಂಟು ಸ್ಟೋರ್ಟಿಂಗ್, ಡೆನ್ಮಾರ್ಕಿನದು ಫೋಲ್ಕೆಟಿಂಗ್, ಫಾರೋ ದ್ವೀಪಗಳದು ಲೋಗ್ಟಿಂಗ್.

ಬಂಧುವೊಬ್ಬ ಕೋಪನ್‌ಹೇಗನ್‌ನಲ್ಲಿ ಕೆಲಸಕ್ಕಿದ್ದಾನೆ. ಮನೆ ಕೊಂಡ ಸಂಭ್ರಮದಲ್ಲಿ ನೋಂದಣಿಯ ಕಾಗದವನ್ನು ಫೋನಿನಲ್ಲಿ ಕಳಿಸಿದ. ತಲೆಬರಹದಲ್ಲಿದ್ದ ಪದ ಟಿಂಗ್‌ಲ್ಯೂಸ್ನಿಂಗ್. ಬಿಡಿಸಿದರೆ ‘ಥಿಂಗ್‌ನಲ್ಲಿ ಸಾರುವುದು’. ಹಿಂದೆ ಜಮೀನು ಕೈಬದಲಾದರೆ ಊರ ಥಿಂಗ್‌ನಲ್ಲಿ ಗಟ್ಟಿಯಾಗಿ ಓದಿ ಹೇಳಬೇಕಿತ್ತು, ಕೇಳಿಸಿಕೊಂಡವರೇ ಸಾಕ್ಷಿ. 2009ರಿಂದ ಇದೆಲ್ಲ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಯಾರೂ ಯಾರಿಗೂ ಓದಿ ಹೇಳುವುದಿಲ್ಲ. ಹೆಸರು ಮಾತ್ರ ಬಯಲಿನಲ್ಲಿ ನಿಂತು ಕೂಗುತ್ತಿದೆ. ಅವನಿಗೆ ಆ ರಾತ್ರಿ ಒಂದು ಗಂಟೆ ಈ ಕಥೆ ಹೇಳಿದೆ. ಮನೆಯ ಫೋಟೋಗಳನ್ನು ನೋಡಿದ್ದು ಮರುದಿನ.

ಕೂಟದಿಂದ ವಸ್ತುವಿಗೆ ಇಳಿಯುವ ಈ ದಾರಿಯಲ್ಲಿ ಜರ್ಮಾನಿಕ್ ಭಾಷೆಗಳು ಒಂಟಿಯಲ್ಲ. ಲ್ಯಾಟಿನ್ನಿನ ಕೌಸಾ ಎಂದರೆ ಮೊಕದ್ದಮೆ. ಅದೇ ಇಟಲಿಯ ಕೋಸಾ, ಫ್ರೆಂಚರ ಶೋಸ್, ಎರಡಕ್ಕೂ ಅರ್ಥ ವಸ್ತು. ಜರ್ಮನ್ನರ ಝಾಖೆ, ಇಂಗ್ಲಿಷಿನ ಸೇಕ್ ಎರಡೂ ಒಂದು ಕಾಲದಲ್ಲಿ ವ್ಯಾಜ್ಯಗಳು. ನಮ್ಮ ಕಡೆ ನೋಡಿದರೆ, ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲಕ್ಕೆ ವಿಜ್ಞಾನೇಶ್ವರ ಬರೆದ ಮಿತಾಕ್ಷರದಲ್ಲಿ ವ್ಯವಹಾರಾಧ್ಯಾಯ ಎಂಬ ಭಾಗವೇ ಇದೆ. ಅಲ್ಲಿ ವ್ಯವಹಾರ ಎಂದರೆ ಅರಸನ ಸಭೆಗೆ ಬಂದ ದಾವೆ. ಇವತ್ತು ನಾವು ‘ಏನೋ ವ್ಯವಹಾರ ಇಟ್ಟುಕೊಂಡಿದ್ದಾನೆ’ ಎಂದರೆ ಅಂಗಡಿಯೋ ಲೇವಾದೇವಿಯೋ ಇರಬೇಕು. ಹಳ್ಳಿಗಳಲ್ಲಿ ‘ನ್ಯಾಯ ಸೇರಿಸಿದರು’ ಎಂದರೆ ಪಂಚಾಯಿತಿ ಕೂಡಿಸಿದರು ಎಂದರ್ಥ, ‘ನ್ಯಾಯ ಮಾಡಿಕೊಂಡರು’ ಎಂದರೆ ಜಗಳವಾಡಿದರು ಎಂದರ್ಥ. ಕೂಟಕ್ಕೂ ಜಗಳಕ್ಕೂ ಒಂದೇ ಪದ ಇಟ್ಟವರು ನಾವೂ ಹೌದು.

ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ಸಂಗತಿ. ಸಂಸ್ಕೃತದಲ್ಲಿ ಅದು ಒಟ್ಟಿಗೆ ಬರುವುದು, ಕೂಡುವುದು. ಕನ್ನಡದಲ್ಲಿ ಅದು ವಿಷಯ. ಥಿಂಗ್ ಶತಮಾನಗಳಲ್ಲಿ ನಡೆದ ದಾರಿಯನ್ನು ಈ ಪದ ತನ್ನಷ್ಟಕ್ಕೆ ತಾನೇ ನಡೆದಿದೆ. ಎರಡಕ್ಕೂ ರಕ್ತಸಂಬಂಧವಿಲ್ಲ, ಒಂದು ಇನ್ನೊಂದನ್ನು ನೋಡಿ ಕಲಿತದ್ದೂ ಅಲ್ಲ. ಚಿಕ್ಕಂದಿನಲ್ಲಿ ನಮ್ಮೂರ ಅರಳಿಕಟ್ಟೆಯಲ್ಲಿ ಬದುವಿನ ತಕರಾರಿಗೆ ಜನ ಸೇರಿದಾಗ ಹಿರಿಯರೊಬ್ಬರು ವಲ್ಲಿಯಿಂದ ಮುಖ ಒರೆಸಿಕೊಂಡು, ‘ಹ್ಞೂಂ, ಸಂಗತಿ ಏನು ಹೇಳಪ್ಪ’ ಅನ್ನುತ್ತಿದ್ದರು. ಅಲ್ಲಿಯವರೆಗೆ ಎರಡು ಮನೆಯೊಳಗಿನ ಸಿಟ್ಟಾಗಿದ್ದದ್ದು ಆ ಒಂದು ಮಾತಿನಿಂದ ಊರಿನ ಮುಂದೆ ಬಂದು ಕೂರುತ್ತಿತ್ತು. ಕಟ್ಟೆಯ ಮೇಲೆ ಕೂರುವವರು ಯಾರು, ದೂರ ನಿಲ್ಲುವವರು ಯಾರು ಎಂಬುದನ್ನೂ ಆ ವಯಸ್ಸಿಗೇ ಕಂಡಿದ್ದೇನೆ. ನಿಂತವರ ಸಂಗತಿಯನ್ನು ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

ಕನ್ನಡದ ಪದಗಳನ್ನು ಇಷ್ಟು ಆಸ್ಥೆಯಿಂದ ಕೂಡಿಸಿಟ್ಟ ಫರ್ಡಿನೆಂಡ್ ಕಿಟ್ಟೆಲ್ ಥಿಂಗ್‌ನ ಸೀಮೆಯಿಂದಲೇ ಬಂದವರು ಎಂಬುದು ನನಗೆ ತಿಳಿದದ್ದು ತಡವಾಗಿ. 1832ರಲ್ಲಿ ಅವರು ಹುಟ್ಟಿದ್ದು ಜರ್ಮನಿಯ ವಾಯವ್ಯ ಅಂಚಿನ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆಯಲ್ಲಿ. ಅದೇ ಸೀಮೆಯ ಔರಿಖ್ ಪಟ್ಟಣದ ಬಳಿ ಉಪ್‌ಸ್ಟಾಲ್ಸ್‌ಬೂಮ್ ಎಂಬ ದಿಬ್ಬವಿದೆ. ಮಧ್ಯಯುಗದಲ್ಲಿ, ದೊರೆಗಳಿಲ್ಲದ ಸ್ವತಂತ್ರ ಫ್ರೀಸಿಯನ್ ಸೀಮೆಗಳ ಪ್ರತಿನಿಧಿಗಳು ಆ ದಿಬ್ಬದ ಮೇಲೆ ಸೇರುತ್ತಿದ್ದರು, ಪೆಂಟಕೋಸ್ಟ್ ಹಬ್ಬ ಕಳೆದ ಮೇಲಿನ ಮಂಗಳವಾರ. ಅದರ ನೆನಪಿಗೆ ಅಲ್ಲಿ ಕಲ್ಲಿನ ಪಿರಮಿಡ್ಡು ಕಟ್ಟಿದಾಗ ಕಿಟ್ಟೆಲ್ ಎಳೆಗೂಸು. ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಇಲ್ಲಿಗೆ ಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸಂಗತಿ ಎಂಬ ಪದವನ್ನು ಬರೆದುಕೊಂಡ ದಿನ ಅವರಿಗೆ ತಮ್ಮ ಸೀಮೆಯ ದಿಬ್ಬ ನೆನಪಾಯಿತೋ ಇಲ್ಲವೋ, ನನಗಂತೂ ಆ ನಿಘಂಟು ತೆರೆದಾಗಲೆಲ್ಲ ನೆನಪಾಗುತ್ತದೆ.

20ನೆಯ ಶತಮಾನದಲ್ಲಿ ಈ ಪದಕ್ಕೆ ದೊಡ್ಡ ಅವಮಾನವೊಂದು ಆಯಿತು. ನಾಜಿಗಳು ಜರ್ಮನಿಯ ಉದ್ದಗಲಕ್ಕೆ ಬಯಲು ರಂಗಮಂದಿರಗಳನ್ನು ಕಟ್ಟಿ ಅವಕ್ಕೆ ಥಿಂಗ್ ಸ್ಥಳ ಎಂದು ಹೆಸರಿಟ್ಟರು. ಹೈಡೆಲ್‌ಬರ್ಗ್‌ನ ಬೆಟ್ಟದ ಮೇಲಿನದನ್ನು 1935ರಲ್ಲಿ ಗೋಬೆಲ್ಸ್ ಉದ್ಘಾಟಿಸಿದ. ಸಾವಿರಾರು ಜನ ಸಾಲಾಗಿ ಕೂರಬೇಕು, ಕೆಳಗಿನಿಂದ ಬಂದ ಮಾತನ್ನು ಕೇಳಬೇಕು. ಎದ್ದು ನಿಂತು ಬೇಡ ಅನ್ನುವ ಹಕ್ಕು ಒಬ್ಬನಿಗೂ ಇಲ್ಲ. ಗೊಣಗಾಟವೂ ಇಲ್ಲದ, ಈಟಿಯ ಸದ್ದೂ ಇಲ್ಲದ ಜಾಗಕ್ಕೆ ಥಿಂಗ್ ಎಂಬ ಹೆಸರು! ರಾಣಿ ಗುನ್ಹಿಲ್ಡ್ ಹಗ್ಗವನ್ನಷ್ಟೇ ಕಡಿಸಿದಳು, ಇವರು ಪದದ ಜೀವಾಳಕ್ಕೇ ಕೈ ಹಾಕಿದರು. 1950ರಲ್ಲಿ ತತ್ತ್ವಜ್ಞಾನಿ ಹೈಡೆಗ್ಗರ್ ‘ವಸ್ತು’ ಎಂಬ ಉಪನ್ಯಾಸದಲ್ಲಿ ಥಿಂಗ್ ಎಂದರೆ ಕೂಡಿಸುವುದು ಎಂಬ ಹಳೆಯ ಅರ್ಥವನ್ನು ಎತ್ತಿ ಹಿಡಿದ. ಅದೇ ನಾಜಿ ಪಕ್ಷದ ಸದಸ್ಯನಾಗಿದ್ದವನ ಬಾಯಿಂದ ಅದು ಬಂತು ಎಂಬುದನ್ನು ಪಕ್ಕಕ್ಕಿಟ್ಟು ಆ ಉಪನ್ಯಾಸ ಓದಲು ನನಗಾಗುವುದಿಲ್ಲ. 2005ರಲ್ಲಿ ಫ್ರಾನ್ಸಿನ ಚಿಂತಕ ಬ್ರೂನೋ ಲಾಟೂರ್ ಕಾರ್ಲ್ಸ್‌ರೂಹೆಯ ಒಂದು ಪ್ರದರ್ಶನದ ಸುತ್ತ ಇದೇ ಪದ ಹಿಡಿದು ರಾಜಕಾರಣದ ಬಗ್ಗೆ ಬರೆದದ್ದು ನನ್ನ ಮನಸ್ಸಿಗೆ ಹೆಚ್ಚು ಹತ್ತಿರ. ಜನರನ್ನು ಸೇರಿಸುವುದು ಒಮ್ಮತವಲ್ಲ, ಇನ್ನೂ ಬಗೆಹರಿಯದ ತಕರಾರು ಎಂಬುದು ಅವನ ವಾದ.

ಹಳೆಯ ಅರ್ಥ ಈಗಲೂ ಬಯಲಲ್ಲಿ ಉಸಿರಾಡುವ ಜಾಗವೊಂದಿದೆ. ಬ್ರಿಟನ್ ಮತ್ತು ಐರ್ಲೆಂಡ್ ನಡುವಿನ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪ. ಅಲ್ಲಿನ ಪಾರ್ಲಿಮೆಂಟಿನ ಹೆಸರು ಟಿನ್‌ವಾಲ್ಡ್. ಥಿಂಗ್ವೆಲ್ಲಿರ್ ಮತ್ತು ಟಿನ್‌ವಾಲ್ಡ್ ಒಂದೇ ಪದದ ಎರಡು ಉಚ್ಚಾರಣೆಗಳು, ವೈಕಿಂಗರು ಎರಡೂ ಕಡೆ ಬಿಟ್ಟುಹೋದದ್ದು. ಪ್ರತಿ ವರ್ಷ ಸಾಮಾನ್ಯವಾಗಿ ಜುಲೈ 5ರಂದು ಸೇಂಟ್ ಜಾನ್ಸ್ ಎಂಬ ಹಳ್ಳಿಯಲ್ಲಿ ನಾಲ್ಕು ಮೆಟ್ಟಿಲಾಗಿ ಏರುವ ಹಸಿರು ದಿಬ್ಬದ ಮೇಲೆ ಪಾರ್ಲಿಮೆಂಟು ಸೇರುತ್ತದೆ. ದ್ವೀಪದ ಹದಿನೇಳು ಪ್ಯಾರಿಷ್‌ಗಳ ಮಣ್ಣು ತಂದು ಆ ದಿಬ್ಬ ಮಾಡಿದ್ದು ಎಂದು ಅಲ್ಲಿಯವರು ಹೇಳುತ್ತಾರೆ. ದಾರಿಗೆ ಜೊಂಡುಹುಲ್ಲು ಹಾಸಿರುತ್ತಾರೆ. ಆ ವರ್ಷ ಮಾಡಿದ ಕಾನೂನುಗಳ ಸಾರವನ್ನು ಇಂಗ್ಲಿಷಿನಲ್ಲೂ ದ್ವೀಪದ ಸ್ವಂತ ಮ್ಯಾಂಕ್ಸ್ ಭಾಷೆಯಲ್ಲೂ ಓದುತ್ತಾರೆ. ಹುಟ್ಟಿನಿಂದ ಮ್ಯಾಂಕ್ಸ್ ಆಡಿದ ಕೊನೆಯ ಮನುಷ್ಯ ನೆಡ್ ಮ್ಯಾಡ್ರೆಲ್ 1974ರಲ್ಲಿ ತೀರಿಕೊಂಡರು. ಆಮೇಲೆ ಕಲಿತು ಆಡುವವರು ಆ ಭಾಷೆಯನ್ನು ಮತ್ತೆ ಎಬ್ಬಿಸಿದ್ದಾರೆ, ದಿಬ್ಬದ ಮೇಲಿನ ಓದು ನಿಂತಿಲ್ಲ. ದೂರಿರುವ ಯಾರೇ ಆದರೂ ಅರ್ಜಿ ಹಿಡಿದು ದಿಬ್ಬದ ಬುಡಕ್ಕೆ ನಡೆದು ಬಂದು ಕೊಡಬಹುದು. ಹಾಗೆ ಬಂದ ಅರ್ಜಿಗಳಿಂದ ಕಾನೂನೇ ಬದಲಾದದ್ದುಂಟು. ದ್ವೀಪದ ಒಂದು ಹೊಸ ಕಾನೂನು ಜಾರಿಗೆ ಬಂದಮೇಲೂ ಹದಿನೆಂಟು ತಿಂಗಳೊಳಗೆ ಈ ದಿಬ್ಬದ ಮೇಲೆ ಅದನ್ನು ಜನರ ಮುಂದೆ ಸಾರದಿದ್ದರೆ ಅದು ತಾನಾಗಿಯೇ ಬಿದ್ದುಹೋಗುತ್ತದೆ.